ಸತ್ತೆವ್ವ ಎತ್ತಿದ ಸೊಲ್ಲು

ಮಮದಾಪುರದಲ್ಲಿ ಈ ಕಥೆಯನ್ನು ಹೇಳುವವರು, ಕೊನೆಗೆ ಸಾತಪ್ಪ ಹಾಸಿಗೆಯಿಂದ ಎದ್ದು ಗೋಕಾಕಿನ ಚರ್ಚಿಗೆ ನಡೆದುಹೋದನೆಂದು ಹೇಳುತ್ತಾರೆ. ಹುಕ್ಕೇರಿಯ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸೊಬ್ಬಳ ಪ್ರಕಾರ ಅವನು ಎದ್ದು ನಡೆದದ್ದೇನೋ ನಿಜ, ಆದರೆ ಹೋದದ್ದು ದ್ಯಾಮವ್ವನ ಗುಡಿಗೆ. ಸಾತಪ್ಪನ ಹೆಂಡತಿ ಸತ್ತೆವ್ವ ಮಾತ್ರ "ಅವರು ಎದ್ದೂ ಇಲ್ಲ, ನಡದೂ ಇಲ್ಲ" ಎನ್ನುತ್ತಾಳೆ. ಹಾಸಿಗೆಯ ಬದಿಯಲ್ಲಿ ಇದ್ದವಳು ಅವಳೊಬ್ಬಳೇ ಆದ್ದರಿಂದ ಇಲ್ಲಿ ಅವಳ ಮಾತನ್ನೇ ಮುಖ್ಯವಾಗಿ ಅನುಸರಿಸಿದ್ದೇನೆ. ಅವಳು ಹೇಳದೆ ಬಿಟ್ಟದ್ದನ್ನು ದ್ಯಾಮವ್ವನ ಪೂಜಾರಿ ಯಲ್ಲಾರಿಯಿಂದಲೂ ಅವನ ಅಜ್ಜಿ ಕಾಶೆವ್ವನಿಂದಲೂ ಕೇಳಿ ತುಂಬಿಕೊಂಡಿದ್ದೇನೆ. ಊರು ಮೂಡಲಗಿಯ ಕಡೆಯದು, ತುಕ್ಕಾನಟ್ಟಿಯಿಂದ ಬಹಳ ದೂರವಿಲ್ಲ. ಅದರ ಹೆಸರನ್ನು ಬರೆಯಬಾರದೆಂದು ಮೂವರೂ ಮೂರು ಬೇರೆ ಕಾರಣಗಳಿಗಾಗಿ ಕೇಳಿಕೊಂಡಿದ್ದಾರೆ.

ಮೊದಲು ಹಾಡಿನ ಪದ್ಧತಿಯನ್ನು ಹೇಳಬೇಕು. ಆ ಊರಿನಲ್ಲಿ ದ್ಯಾಮವ್ವನನ್ನು ದಿನವೂ ಬೆಳಗಿನ ಜಾವ ಹಾಡಿ ಎಬ್ಬಿಸುತ್ತಾರೆ. ಹಾಡಿನ ಪ್ರತಿಯೊಂದು ಸಾಲನ್ನೂ ಗುಡಿಯ ಒಳಗೆ ನಿಂತ ಪೂಜಾರಿ ಮೊದಲು ಹಾಡುತ್ತಾನೆ. ಇದಕ್ಕೆ ಸೊಲ್ಲು ಎತ್ತುವುದು ಎನ್ನುತ್ತಾರೆ. ಅದೇ ಸಾಲನ್ನು ಹೊರಗೆ ಕಟ್ಟೆಯ ಕೆಳಗೆ ನಿಂತವರು ಮರಳಿ ಹಾಡುತ್ತಾರೆ. ಇದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಎತ್ತುವ ಮನೆತನ ಒಂದು, ಹಿಡಿಯುವ ಮನೆತನ ಇನ್ನೊಂದು. ಎತ್ತುವವರು ಹೊರಗೆ ಬಂದು ಹಿಡಿದದ್ದಿಲ್ಲ. ಹಿಡಿಯುವವರು ಒಳಗೆ ಹೋಗಿ ಎತ್ತಿದ್ದೂ ಇಲ್ಲ. ಹಿಡಿಯುವ ಮನೆತನದ ಜಾತಿಯವರು ಕಟ್ಟೆ ಹತ್ತುವ ರೂಢಿಯೇ ಇರಲಿಲ್ಲವಾದ್ದರಿಂದ ಈ ಎರಡನೆಯ ಸಾಧ್ಯತೆಯನ್ನು ಊರಿನಲ್ಲಿ ಯಾರೂ ಯೋಚಿಸಿಯೂ ಇರಲಿಲ್ಲ.

ಸಾತಪ್ಪ ಹಿಡಿಯುವ ಮನೆತನದವನು. ಹಗಲು ಕಬ್ಬಿನ ಗದ್ದೆಗಳಲ್ಲಿ ಕೂಲಿ, ಬೆಳಗಿನ ಜಾವ ಗುಡಿಯ ಮುಂದೆ ಹಾಡು. ಅವನ ಧ್ವನಿ ಹೊಳೆಯ ಆಚೆಗೂ ಕೇಳುತ್ತಿತ್ತೆಂದು ಕಾಶೆವ್ವ ಹೇಳುತ್ತಾಳೆ. ಒಳಗಿನಿಂದ ಸೊಲ್ಲು ಎತ್ತುತ್ತಿದ್ದವನು ಅವಳ ಗಂಡ, ಅಂದರೆ ಯಲ್ಲಾರಿಯ ಅಜ್ಜ. ಹಾಡಿನ ಮೊದಲ ಸಾಲು ಹೀಗಿತ್ತು:

ಏಳ ತಾಯಿ ಏಳ, ಕದಾ ತಗಿ ತಾಯಿ,
ಹೊರಗ ನಿಂತೈತಿ ಊರು.

ಒಳಗಿನವನು ಇದನ್ನು ಒಳಗಿನಿಂದ ಹಾಡುತ್ತಿದ್ದ. ಹೊರಗೆ ನಿಂತಿರುತ್ತಿದ್ದವನು ಸಾತಪ್ಪ.

ಇಪ್ಪತ್ತು ವರ್ಷಗಳಿಗಿಂತ ಹಿಂದೆ ಒಂದು ಭಾನುವಾರ ಸಾತಪ್ಪ ಯಾವುದೋ ಕೆಲಸಕ್ಕೆ ಗೋಕಾಕಿಗೆ ಹೋದವನು, ಮಳೆ ಬಂತೆಂದು ಒಂದು ಸಣ್ಣ ಚರ್ಚಿನ ಬಾಗಿಲಲ್ಲಿ ನಿಂತ. ಒಳಗಿನಿಂದ ಯಾರೋ ಬಂದು ಬೆಂಚಿನ ಮೇಲೆ ಕೂರಿಸಿದರು. ಪಾಸ್ಟರು ಆ ದಿನ ಓದಿದ್ದು, ಯೇಸು ಬಾಗಿಲ ಹೊರಗೆ ನಿಂತು ಕದ ತಟ್ಟುತ್ತಾನೆಂಬ ಮಾತನ್ನು. ಸಾತಪ್ಪ ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟೇ: "ಹೊರಗ ನಿಂದರಾವ ನಾ ಒಬ್ನ ಅಲ್ಲಂತ. ದೇವರೂ ನಿಂದರತಾನಂತ."

ಅವನು ಮತಾಂತರಗೊಂಡದ್ದಕ್ಕೆ ಬೇರೆ ಕಾರಣಗಳನ್ನು ಊರಿನಲ್ಲಿ ಹೇಳುವವರಿದ್ದಾರೆ. ಆಸ್ಪತ್ರೆಯ ಖರ್ಚು ಕೊಟ್ಟರು ಎನ್ನುತ್ತಾರೆ, ಹಾಲಿನ ಪುಡಿ ಕೊಟ್ಟರು ಎನ್ನುತ್ತಾರೆ. ಹಾಲಿನ ಪುಡಿಯ ವಿಷಯವನ್ನು ಸತ್ತೆವ್ವನಲ್ಲಿ ಕೇಳಿದಾಗ ಅವಳು, "ನಮ್ಮ ಮನ್ಯಾಗ ಎಮ್ಮಿ ಇತ್ತರಿ" ಎಂದಳು.

ಸತ್ತೆವ್ವ ಗಂಡನ ಹಿಂದೆಯೇ ಕ್ರೈಸ್ತಳಾದವಳು. ಗಂಡ ಮುಂದೆ, ಅವಳು ಹಿಂದೆ, ಪ್ರಾರ್ಥನೆಯಲ್ಲೂ ಹಾಗೆಯೇ. ಚರ್ಚಿನಲ್ಲಿ ಪಾಸ್ಟರು ಸೊಲ್ಲು ಎತ್ತುತ್ತಿದ್ದರು, ಸಾತಪ್ಪ ಹಿಡಿಯುತ್ತಿದ್ದ, ಸಾತಪ್ಪನ ಧ್ವನಿಯ ಬೆನ್ನಿಗೆ ಸತ್ತೆವ್ವ ಹಾಡುತ್ತಿದ್ದಳು. ಪಾಸ್ಟರು ಸಾತಪ್ಪನಿಂದ ಹಳೆಯ ಧಾಟಿಯನ್ನು ಕೇಳಿ ತಿಳಿದುಕೊಂಡು ಅದಕ್ಕೆ ಹೊಸ ಮಾತುಗಳನ್ನು ಕೂಡಿಸಿದರು:

ಏಳ ಮನವೆ ಏಳ, ಕದಾ ತಗಿ ಮನವೆ,
ಹೊರಗ ನಿಂತಾನ ಯೇಸು.

ಊರಿನಲ್ಲಿ ಇದು ಗೊತ್ತಾದಾಗ ಕಾಶೆವ್ವ ಬಾವಿಯ ಹತ್ತಿರ ಸತ್ತೆವ್ವನನ್ನು ಹಿಡಿದು ನಿಲ್ಲಿಸಿದಳು.

"ಏನಬೇ, ದೇವರನ್ನ ಬಿಟ್ಟು ಹ್ವಾದ್ರಿ, ಹೋಗಲಿ. ಹೋಗೂವಾಗ ನಮ್ಮ ಧಾಟಿ ಯಾಕ ಹೊತಗೊಂಡು ಹ್ವಾದ್ರಿ?"

"ಅದು ನಮ್ಮವರ ಗಂಟಲದಾಗ ಇತ್ತಬೇ ಅತ್ತಿ. ಗಂಟಲಾ ಬಿಟ್ಟು ಹ್ಯಾಂಗ ಹೋಗಬೇಕ?"

ಈ ಮಾತಿಗಾಗಿ ಕಾಶೆವ್ವ ಸತ್ತೆವ್ವನ ಜೊತೆ ಒಂದು ಸುಗ್ಗಿ ಮಾತು ಬಿಟ್ಟಳು.

ಮುಂದೆ ಸಾತಪ್ಪನ ಮನೆಯಲ್ಲಿಯೇ ಭಾನುವಾರದ ಪ್ರಾರ್ಥನೆ ನಡೆಯತೊಡಗಿತು. ಓಣಿಯ ನಾಲ್ಕಾರು ಮನೆಯವರು ಬರುತ್ತಿದ್ದರು, ಪಾಸ್ಟರು ಗೋಕಾಕಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಹವೆ ಬದಲಾಯಿತು. ಪಂಚಾಯಿತಿ ಸದಸ್ಯ ಈಶ್ವರ ಮತ್ತು ಇನ್ನು ಕೆಲವರು ಮನೆಗೆ ಬಂದು, ಜನ ಕೂಡಿಸಿ ಪ್ರಾರ್ಥನೆ ಮಾಡುವುದು ಬೇಡ, ನಾಳೆ ಹೆಚ್ಚುಕಡಿಮೆಯಾದರೆ ತಾವು ಹೊಣೆಯಲ್ಲ ಎಂದು ಹೇಳಿ ಹೋದರು. ಚಹಾ ಕುಡಿದೇ ಹೋದರು. ಆಮೇಲೆ ಬರುವವರು ಒಬ್ಬೊಬ್ಬರಾಗಿ ನಿಂತರು. ಪಾಸ್ಟರು ತಾವು ಬಂದರೆ ಇವರಿಗೆ ತೊಂದರೆಯೆಂದು ಬರುವುದನ್ನು ಬಿಟ್ಟರು. ಕೊನೆಗೆ ಮನೆಯಲ್ಲಿ ಇಬ್ಬರೇ ಉಳಿದರು. ಇಬ್ಬರು ಸೇರಿದರೆ ಜನ ಕೂಡಿಸಿದಂತಾಗುತ್ತದೆಯೋ ಇಲ್ಲವೋ ಎಂಬುದನ್ನು ಈಶ್ವರ ಸ್ಪಷ್ಟಪಡಿಸಿರಲಿಲ್ಲ.

ಅದೇ ವರ್ಷದ ಚಳಿಗಾಲದಲ್ಲಿ ಸಾತಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಉಳಿದದ್ದು ತಲೆಯಾಡಿಸುವುದು. ಆದರೆ ಅದನ್ನು ನಂಬುವಂತಿರಲಿಲ್ಲ. ಚಹಾ ಬೇಕೇ ಎಂದರೆ ತಲೆಯಾಡಿಸುತ್ತಿದ್ದ. ಬೇಡವೇ ಎಂದರೂ ತಲೆಯಾಡಿಸುತ್ತಿದ್ದ. ಓಣಿಯವರು ಬಂದು ನೋಡಿ, "ನಿಮ್ಮ ಯೇಸು ಕುಂಟರನ್ನ ಎಬ್ಬಸತಿದ್ದ ಅಂತಿದ್ದೆಲ್ಲಬೇ" ಎಂದು ಹೋಗುತ್ತಿದ್ದರು. ಸತ್ತೆವ್ವ, "ಎಲ್ಲಾರನ್ನೂ ಎಬ್ಬಿಸಿದ್ನಂತ ಎಲ್ಲಿ ಬರದೈತಿ?" ಎನ್ನುತ್ತಿದ್ದಳು. ದಿನವೂ ಗಂಡನ ಎಡಗೈ ಹಿಡಿದು ಮನಸ್ಸಿನಲ್ಲಿಯೇ ಪ್ರಾರ್ಥಿಸುತ್ತಿದ್ದಳು. ಹಾಡು ಮಾತ್ರ ಆ ಮನೆಯಲ್ಲಿ ನಿಂತುಹೋಯಿತು. ಹಿಡಿಯುವವನ ಬೆನ್ನಿಗೆ ಹಾಡಿ ರೂಢಿಯಿದ್ದವಳಿಗೆ, ಮುಂದೆ ಧ್ವನಿಯಿಲ್ಲದೆ ಹಾಡು ಬಾಯಿಗೆ ಬರುತ್ತಿರಲಿಲ್ಲ.

ಗುಡಿಯಲ್ಲಿಯೂ ಅಷ್ಟರಲ್ಲಿ ಪದ್ಧತಿ ಸಡಿಲಾಗಿತ್ತು. ಕಾಶೆವ್ವನ ಗಂಡ ತೀರಿದ್ದ, ಮಗನೂ ತೀರಿದ್ದ. ಮೊಮ್ಮಗ ಯಲ್ಲಾರಿ ಪೂಜೆ ಮಾಡುತ್ತಿದ್ದ. ಅವನಿಗೆ ಬೆಳಗಿನ ಜಾವ ಧ್ವನಿ ಬರುವುದಿಲ್ಲ. ಸಿನಿಮಾದ ಭಕ್ತಿಗೀತೆಗಳನ್ನು ಸ್ಪೀಕರಿಗೆ ಹಚ್ಚಿ ಮಲಗುತ್ತಿದ್ದ. ಒಮ್ಮೆ ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ಹಾಡಿನ ಹಳೆಯ ಕ್ಯಾಸೆಟ್ ಸಿಕ್ಕಿತು. ಮೂಡಲಗಿಯ ಅಂಗಡಿಯೊಂದರಲ್ಲಿ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದ. ರೆಕಾರ್ಡ್ ಮಾಡಿದ ಕಾಲದಲ್ಲಿ ಮೈಕನ್ನು ಒಳಗೆ ಮಾತ್ರ ಇಟ್ಟಿದ್ದರು. ಹೀಗಾಗಿ ಅದರಲ್ಲಿ ಅಜ್ಜ ಒಂದು ಸೊಲ್ಲು ಎತ್ತುತ್ತಾನೆ, ಆಮೇಲೆ ಅಷ್ಟೇ ಹೊತ್ತು ಏನೂ ಕೇಳಿಸುವುದಿಲ್ಲ, ಆಮೇಲೆ ಮುಂದಿನ ಸೊಲ್ಲು. ಆ ಖಾಲಿ ಜಾಗದಲ್ಲಿ ಹೊರಗಿನವರು ಹಾಡಿದ್ದರು. ಮೈಕಿಗೆ ಅದು ತಲುಪಿರಲಿಲ್ಲ.

ಯಲ್ಲಾರಿ ಇದನ್ನು ಸ್ಪೀಕರಿಗೆ ಹಚ್ಚಿದ ಬೆಳಗು, "ಏಳ ತಾಯಿ ಏಳ" ಎಂಬ ಸಾಲು ಊರ ಮೇಲೆ ಹರಡಿ ನಿಂತಿತು. ಖಾಲಿ ಜಾಗ ಬಂತು. ಆಗ ಸತ್ತೆವ್ವನ ಮನೆಯೊಳಗಿನಿಂದ, ವರ್ಷವಾಗುತ್ತ ಬಂದರೂ ಒಂದು ಅಕ್ಷರ ಆಡದಿದ್ದ ಸಾತಪ್ಪ, ಪೂರ್ತಿ ಧ್ವನಿಯಲ್ಲಿ, ಒಂದು ಮಾತೂ ತಪ್ಪದೆ ಹಾಡಿದ:

ಏಳ ತಾಯಿ ಏಳ, ಕದಾ ತಗಿ ತಾಯಿ,
ಹೊರಗ ನಿಂತೈತಿ ಊರು.

ಸತ್ತೆವ್ವ ಒಲೆಯ ಮುಂದೆ ಕೂತಿದ್ದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟಿತು. ಓಣಿಯವರು ಬಾಗಿಲಿಗೆ ಬಂದು ನಿಂತರು. ಸ್ಪೀಕರು ಮುಂದಿನ ಸಾಲು ಎತ್ತಿತು, ಸಾತಪ್ಪ ಹಿಡಿದ. ಹಾಡು ಮುಗಿಯಿತು, ಸಾತಪ್ಪನ ಬಾಯಿಯೂ ಮುಚ್ಚಿತು. "ಏನ್ರಿ? ಮಾತ ಬಂತೇನ್ರಿ?" ಎಂದು ಸತ್ತೆವ್ವ ಕೇಳಿದಳು. ಅವನು ತಲೆಯಾಡಿಸಿದ.

ಬಿಸಿಲೇರುವಷ್ಟರಲ್ಲಿ ಸುದ್ದಿ ಪಕ್ಕದ ಊರುಗಳಿಗೂ ಹೋಗಿತ್ತು. ದ್ಯಾಮವ್ವ ಕರೆದಳು, ಸಾತಪ್ಪ ಓಗೊಟ್ಟ. ಸಂಜೆ ಈಶ್ವರ ಯಲ್ಲಾರಿಯನ್ನು ಕರೆದುಕೊಂಡು ಸತ್ತೆವ್ವನ ಮನೆಗೆ ಬಂದ.

"ನೋಡ ಸತ್ತೆವ್ವಾ, ನಾವೇನ ಒತ್ತಾಯ ಮಾಡಿಲ್ಲ," ಎಂದ ಈಶ್ವರ. "ಅವ ತಾನ ಹಾಡ್ಯಾನ. ಬರೂ ಮಂಗಳವಾರ ಗುಡ್ಯಾಗ ಕುಂಡ್ರಸೂಣು. ಮೈಕಿನ ಮುಂದ. ತಾನ ಎತ್ತಿ ಹಾಡಲಿ."

"ಗುಡ್ಯಾಗ ಅಂದ್ರ? ಕಟ್ಟಿ ಕೆಳಗರಿ?"

ಈಶ್ವರ ಸ್ವಲ್ಪ ಕೆಮ್ಮಿದ. "ಒಳಗಬೇ. ಈಗ ಅದೆಲ್ಲಾ ಎಲ್ಲೈತಿ."

"ಅವರ ಅಪ್ಪ ಇದ್ದಾಗ ಇತ್ತರಿ. ಅವರ ಧ್ವನಿ ಚಲೋ ಇದ್ದಾಗೂ ಇತ್ತು. ಕಾಲ ಹೋದ ಮ್ಯಾಲ ಇಲ್ಲೇನ್ರಿ?"

ಯಲ್ಲಾರಿ ನಡುವೆ ಬಾಯಿ ಹಾಕಿದ. "ಚಿಗವ್ವಾ, ಅದನ್ನ ಬಿಡು. ಒಂದ ಮಾತ ಹೇಳು. ಇಷ್ಟ ದಿನಾ ನೀ ಯೇಸುನ್ನ ಕರದಿ. ಕಾಕಾ ಬಾಯಿ ತಗದನ? ನಮ್ಮವ್ವ ಒಂದ ಸಲಾ ಕರದ್ಲು, ತಗದಾ. ಖರೇ ಹೌದೋ ಅಲ್ಲೋ?"

ಖರೆಯಾಗಿತ್ತು. ಸತ್ತೆವ್ವ ಕೊಟ್ಟ ಮಾತು ಇದು. ಯಲ್ಲಾರಿಯೂ ಕಾಶೆವ್ವನೂ ಇದನ್ನು ಹೆಚ್ಚುಕಡಿಮೆ ಒಂದೇ ರೀತಿ ಹೇಳುತ್ತಾರೆ:

"ಅವರ ಬಾಯಿ ಅವರದು. ಅದರ ಮ್ಯಾಲ ನಾ ಕೈ ಇಡೂದಿಲ್ಲ. ಗುಡ್ಯಾಗ ಕುಂತು ತಾವ ಎತ್ತಿ ದ್ಯಾಮವ್ವನ ಹಾಡಿದ್ರಂದ್ರ, ಅವರ ಮನಸ ಅಲ್ಲೇ ಐತಿ ಅಂತಾತು. ನಾ ಬೈಬಲ್ ಮುಚ್ಚಿ ಇಡತೇನಿ. ಅವರ ಹಿಂದ ಬಂದಾಕಿ ನಾ, ಅವರ ಹಿಂದ ಹೊಳ್ಳಿ ಹೋಗತೇನಿ."

ಈಶ್ವರನಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಅವನು ಮತ್ತೆ ಚಹಾ ಕುಡಿದು ಹೋದ.

ಗೋಕಾಕಿನ ಚರ್ಚಿಗೂ ಸುದ್ದಿ ತಲುಪಿ, ಶೋಭಾ ಎಂಬವರು ಮರುದಿನದ ಬಸ್ಸಿಗೆ ಬಂದರು. ಸಭೆಯ ಹೆಂಗಸರಿಗೆ ಬೈಬಲ್ ಓದಿ ಹೇಳುವವರು ಅವರು. ಸಾತಪ್ಪನ ಹಣೆ ಮುಟ್ಟಿ ಪ್ರಾರ್ಥಿಸಿದರು. ಆಮೇಲೆ, ಬೆಳಗಿನ ಜಾವ ಅವನ ಕಿವಿಗೆ ಹತ್ತಿ ಇಟ್ಟರೆ ಹೇಗೆ ಎಂದು ಕೇಳಿದರು.

"ಹತ್ತಿ ಇಟ್ಟು ಕಾಯಬೇಕಾದ ನಂಬಿಕಿ ಎಷ್ಟ ದಿನಾ ಬಾಳತೈತ್ರಿ ಶೋಭಕ್ಕಾ?"

"ಹಂಗಂತ ಗುಡಿಗೆ ಕಳಸೂದಾ? ಹೃದಯ ದೇವರಿಗೆ ಗೊತ್ತಿರತೈತಿ ಸತ್ತೆವ್ವಾ."

"ದೇವರಿಗೆ ಗೊತ್ತಿರತೈತ್ರಿ. ನನಗ ಗೊತ್ತಾಗವಲ್ದಲ್ಲ, ಅದಕ್ಕ."

ಶೋಭಾ ಮಂಗಳವಾರವೂ ಬರುವುದಾಗಿ ಹೇಳಿ ಹೋದರು. ಉಳಿದ ದಿನಗಳಲ್ಲಿ ಸತ್ತೆವ್ವ ಬೈಬಲನ್ನು ಎಂದಿನಂತೆ ಓದಿದಳು. ಓದಿದ ಪುಟದಲ್ಲಿ ಏನಿತ್ತೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲವೆಂದು ಅವಳೇ ಹೇಳುತ್ತಾಳೆ. ಬೆಳಗಾದರೆ ಸ್ಪೀಕರು ಎತ್ತುತ್ತಿತ್ತು, ಗಂಡ ಹಿಡಿಯುತ್ತಿದ್ದ, ಅವಳು ಹಿಟ್ಟು ನಾದುತ್ತ ಅದನ್ನು ಕೇಳುತ್ತಿದ್ದಳು. ಒಂದು ಬೆಳಗು ತನ್ನ ಬಾಯಿಯೂ ಗಂಡನ ಬೆನ್ನಿಗೆ ಆ ಹಾಡಿಗೆ ತೆರೆದುಕೊಂಡದ್ದು ಗಮನಕ್ಕೆ ಬಂದು, ಸೆರಗಿನಿಂದ ಬಾಯಿ ಒತ್ತಿ ಹಿಡಿದಳು.

ಮಂಗಳವಾರ ನಾಲ್ವರು ಸೇರಿ ಸಾತಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ಕಟ್ಟೆ ಹತ್ತಿಸಿ, ಗುಡಿಯ ಒಳಗೆ ಬಾಗಿಲ ಕಡೆ ಮುಖ ಮಾಡಿ ಕೂರಿಸಿದರು. ಅವನ ಮನೆತನದಲ್ಲಿ ಕಟ್ಟೆ ಹತ್ತಿದವರಲ್ಲಿ ಅವನೇ ಮೊದಲಿಗ, ಅದೂ ಸ್ವಂತ ಕಾಲಿನಲ್ಲಿ ಅಲ್ಲ. ತುಕ್ಕಾನಟ್ಟಿಯಿಂದಲೂ ಜನ ಬಂದಿದ್ದರು. ಈಶ್ವರ ಹೊಸ ಪಂಚೆ ಉಟ್ಟಿದ್ದ. ಯಲ್ಲಾರಿ ಮೈಕನ್ನು ಸಾತಪ್ಪನ ಬಾಯಿಯ ಮಟ್ಟಕ್ಕೆ ತಗ್ಗಿಸಿದ. ಪೆನ್‌ಡ್ರೈವನ್ನು ಹಚ್ಚಬಾರದೆಂದು ಮೊದಲೇ ತೀರ್ಮಾನವಾಗಿತ್ತು. ಸಾತಪ್ಪ ತಾನೇ ಹಾಡಬೇಕು. ಸತ್ತೆವ್ವ ಕಟ್ಟೆಯ ಕೆಳಗೆ, ಹಿಂದೆ ಗಂಡ ನಿಲ್ಲುತ್ತಿದ್ದ ಕಡೆಯೇ ನಿಂತಳು. ಶೋಭಾ ಅವಳ ಕೈ ಹಿಡಿದಿದ್ದರು.

"ಹೂಂ, ಸಾತಪ್ಪಾ," ಎಂದ ಈಶ್ವರ. "ಎತ್ತಪಾ."

ಸಾತಪ್ಪ ತಲೆಯಾಡಿಸಿದ. ಬಾಯಿ ತೆರೆಯಲಿಲ್ಲ.

ಜನ ಕಾದರು. ಮೈಕು ಗೊರಗೊರ ಎಂದಿತು. ಯಲ್ಲಾರಿ ಊದುಬತ್ತಿ ಹಚ್ಚಿದ. ಯಾರೋ ಗಂಟೆ ಬಾರಿಸಿದರು. ಒಬ್ಬರು ನೀರು ಕುಡಿಸಿದರು. "ಅವಗ ನಾಚಿಕಿ ಬಂದೈತಿ, ಎಲ್ಲಾರೂ ಆ ಕಡೆ ಮಾರಿ ಮಾಡ್ರಿ" ಎಂದು ಹಿರಿಯರೊಬ್ಬರು ಸೂಚಿಸಿದರು. ಊರೆಲ್ಲ ಆ ಕಡೆ ಮುಖ ಮಾಡಿ ನಿಂತಿತು. ಸಾತಪ್ಪ ಊರಿನ ಬೆನ್ನನ್ನು ನೋಡುತ್ತ ಕೂತ. ಸತ್ತೆವ್ವನೊಬ್ಬಳೇ ಮುಖ ತಿರುಗಿಸದೆ ಅವನ ಬಾಯಿಯನ್ನು ನೋಡುತ್ತಿದ್ದಳು.

ಆಗ ಗುಜರಿ ಗಾಡಿ ಬಂತು. ವಾರಕ್ಕೊಮ್ಮೆ ಊರಿಗೆ ಬರುವ ಸಣ್ಣ ಟೆಂಪೋ ಅದು. ಹಳೆಯ ಸಾಮಾನು ಕೊಳ್ಳುವವನು ತನ್ನ ಕೂಗನ್ನು ರಾಗವಾಗಿ ರೆಕಾರ್ಡ್ ಮಾಡಿ ಸ್ಪೀಕರಿಗೆ ಹಚ್ಚಿದ್ದ. ಗುಡಿಯ ಹಿಂದಿನ ರಸ್ತೆಯಲ್ಲಿ ಅದು ಹಾಡಿತು:

"ಹಳೇ ಕಬ್ಬಣಾ... ಒಡದ ಪ್ಲಾಸ್ಟಿಕ್ಕಾ... ಕೆಟ್ಟ ಮೊಬಾಯ್ಲಾ..."

ಕೂಗು ನಿಂತಿತು. ಸಾತಪ್ಪ ಬಾಯಿ ತೆರೆದ. ಹೊಳೆಯ ಆಚೆಗೂ ಕೇಳುವ ಅದೇ ಧ್ವನಿಯಲ್ಲಿ, ಗುಡಿಯ ಗೋಪುರದ ನಾಲ್ಕು ಸ್ಪೀಕರುಗಳಿಂದ ಅದು ಹೊರಬಂತು:

"ಹಳೇ ಕಬ್ಬಣಾ... ಒಡದ ಪ್ಲಾಸ್ಟಿಕ್ಕಾ... ಕೆಟ್ಟ ಮೊಬಾಯ್ಲಾ..."

ಊರು ಮತ್ತೆ ಈ ಕಡೆ ಮುಖ ಮಾಡಿತು. ಟೆಂಪೋ ನಿಂತಿತು. ಗುಜರಿಯವನು ಇಳಿದು ಬಂದು, ಚಪ್ಪಲಿ ಬಿಟ್ಟು, ಕಟ್ಟೆಯ ಹತ್ತಿರ ನಿಂತು ಕೇಳಿದ: "ಗುಡ್ಯಾಗ ಏನರ ಹಾಕೂದೈತೇನ್ರಿ?"

ಉತ್ತರ ಬಂದದ್ದು ಕಂಬಕ್ಕೆ ಒರಗಿ ಕೂತಿದ್ದ ಕಾಶೆವ್ವನಿಂದ, ಅದೂ ಗುಜರಿಯವನಿಗಲ್ಲ.

"ಥೂ ನಿಮ್ಮ ಬುದ್ಧಿಗೆ! ಅವಗ ಎತ್ತ ಅಂತೀರಲ್ಲೋ, ಅವ ಎಂದರ ಎತ್ಯಾನೇನು? ಅವರ ಅಪ್ಪ ಎತ್ತಿದ್ದನೇನು? ನಮ್ಮವರು ಒಳಗಿಂದ ಎತ್ತತಿದ್ರು, ಅವ ಹೊರಗ ಹಿಡೀತಿದ್ದ. ಹಿಡಿಯೂ ಮನಿತನದಾಂವ ಹಿಡೀತಾನ. ಯಾರ ಎತ್ತಿದ್ರೂ ಹಿಡೀತಾನ."

ಯಲ್ಲಾರಿಗೆ ಇದನ್ನು ಪರೀಕ್ಷಿಸಬೇಕೆನ್ನಿಸಿತು. ಅವನು ತನ್ನ ಒಡಕು ಧ್ವನಿಯಲ್ಲಿ "ಏಳ ತಾಯಿ ಏಳ" ಎಂದು ಎತ್ತಿದ. ಸಾತಪ್ಪ ಹಿಡಿದ.

"ನೋಡಿದ್ರೇನು!" ಎಂದ ಈಶ್ವರ. "ದ್ಯಾಮವ್ವನ್ನ ಹಾಡಿದ್ನೋ ಇಲ್ಲೋ?"

"ಹಾಡಿದಾ," ಎಂದಳು ಕಾಶೆವ್ವ. "ಹಂಗಾರ ಹಳೇ ಕಬ್ಬಣಾನೂ ಅವನ ದೇವರೇನೋ ಈಶ್ವರಾ?"

ಯಾರೋ ನಕ್ಕರು. ಆಮೇಲೆ ಬಹಳ ಜನ ನಕ್ಕರು. ಈಶ್ವರ ಮೈಕಿನ ವೈರು ಕಿತ್ತ. ಯಲ್ಲಾರಿಗೆ ಕುತೂಹಲ ಇನ್ನೂ ತೀರಿರಲಿಲ್ಲ. ಕಟ್ಟೆಯ ತುದಿಗೆ ಬಂದು ಸತ್ತೆವ್ವನಿಗೆ ಹೇಳಿದ:

"ಚಿಗವ್ವಾ, ನಿಮ್ಮದೊಂದು ಎತ್ತ ನೋಡೂಣು. ಹಿಡೀತಾನೋ ಏನ."

ಎಲ್ಲರೂ ಅವಳ ಕಡೆ ತಿರುಗಿದರು. ಸತ್ತೆವ್ವ ಶೋಭಾ ಅವರ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ನಿಮ್ಮ ಗುಡ್ಯಾಗ ಬ್ಯಾಡಪಾ. ಅದು ನಿಮ್ಮವ್ವನ ಮನಿ. ಅವರನ್ನ ನಮ್ಮ ಮನಿಗೆ ತಂದ ಬಿಡ್ರಿ, ಅಲ್ಲಿ ಎತ್ತತೇನಿ."

ಕುರ್ಚಿಯನ್ನು ಹೊತ್ತು ತಂದವರೇ ಹೊತ್ತು ಒಯ್ದರು. ಅವರ ಹಿಂದೆ ಊರಿನ ಅರ್ಧ ಭಾಗವೂ ತುಕ್ಕಾನಟ್ಟಿಯವರೂ ನಡೆದರು. ಗುಜರಿಯವನೂ ಇದ್ದ. ಸಾತಪ್ಪನನ್ನು ಬಾಗಿಲ ಮುಂದೆ ಇಳಿಸಿದರು. ಜನ ಓಣಿಯ ತುಂಬ ನಿಂತರು.

ಸತ್ತೆವ್ವ ಜೀವಮಾನದಲ್ಲಿ ಒಂದು ಸೊಲ್ಲು ಎತ್ತಿದವಳಲ್ಲ. ಮೊದಲು ಎತ್ತಿದ್ದು ಬಹಳ ಮೇಲಿನ ಶ್ರುತಿಯಲ್ಲಾಯಿತು. ಎರಡು ಮಾತಿಗೆ ಧ್ವನಿ ಒಡೆದು ನಿಂತಳು. ಅರ್ಧ ಸೊಲ್ಲನ್ನು ಹಿಡಿಯುವ ಪದ್ಧತಿ ಇಲ್ಲವಾದ್ದರಿಂದ ಸಾತಪ್ಪ ಸುಮ್ಮನೆ ಅವಳನ್ನೇ ನೋಡುತ್ತ ಕಾದ. "ಕೆಳಗಿಂದ ತಗೋಬೇ" ಎಂದಳು ಕಾಶೆವ್ವ, ತನ್ನ ಧಾಟಿ ಕೆಡುವುದನ್ನು ತಡೆಯಲಾರದೆ. ಸತ್ತೆವ್ವ ಕೆಳಗಿನಿಂದ ತೆಗೆದುಕೊಂಡಳು.

ಏಳ ಮನವೆ ಏಳ, ಕದಾ ತಗಿ ಮನವೆ,
ಹೊರಗ ನಿಂತಾನ ಯೇಸು.

ಸಾತಪ್ಪ ಹಿಡಿದ. ಒಂದು ಮಾತೂ ತಪ್ಪಲಿಲ್ಲ.

ಅವಳು ಮುಂದಿನ ಸಾಲು ಎತ್ತಿದಳು, ಅದರ ಮುಂದಿನದನ್ನೂ ಎತ್ತಿದಳು. ಹಾಡು ಮುಗಿಯುವ ತನಕ ಯಾರೂ ಕದಲಲಿಲ್ಲ. ಓಣಿಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದ ಒಳ್ಳೆಯ ದಿನಗಳಲ್ಲಿಯೂ ಇಷ್ಟು ಜನ ಆ ಹಾಡನ್ನು ಕೇಳಿರಲಿಲ್ಲ. ಜನ ಕೂಡಿಸಬಾರದೆಂದು ಹೇಳಿದ್ದ ಈಶ್ವರ ಜನರ ಮೊದಲ ಸಾಲಿನಲ್ಲಿಯೇ ನಿಂತಿದ್ದ. ಅದು ಅವನಿಗೆ ಹೊಳೆದದ್ದು ಸ್ವಲ್ಪ ತಡವಾಗಿ. "ನಡೀರಿ, ನಡೀರಿ, ಕೆಲಸಾ ಇಲ್ಲೇನ" ಎಂದು ಎಲ್ಲರನ್ನೂ ಅಟ್ಟಿಕೊಂಡು ಹೋದ.

ಶೋಭಾ ಮಾತ್ರ ಉಳಿದರು. ಅವರ ಕಣ್ಣು ತುಂಬಿತ್ತು. "ಗೆದ್ದಿ ಸತ್ತೆವ್ವಾ. ದೇವರು ಸಾಕ್ಷಿ ಕೊಟ್ಟಾನ" ಎಂದರು.

"ಎಲ್ಲೀ ಸಾಕ್ಷಿರಿ," ಎಂದಳು ಸತ್ತೆವ್ವ. ಅವಳು ಗಂಡನ ಕಾಲನ್ನು ಒಂದೊಂದಾಗಿ ಎತ್ತಿ ಹಾಸಿಗೆಯ ಮೇಲಿಡುತ್ತಿದ್ದಳು. "ನನ್ನದೂ ಹಿಡದ್ರು, ಯಲ್ಲಾರಿದೂ ಹಿಡದ್ರು, ಗುಜರಿಯವಂದೂ ಹಿಡದ್ರು. ಅವರ ಒಳಗ ಏನೈತಿ ಅಂತ ಇವತ್ತೂ ಗೊತ್ತಾಗಲಿಲ್ಲ. ಇನ್ನ ಗೊತ್ತಾಗೂದೂ ಇಲ್ಲ."

"ಹಂಗಾರ ಏನ ಮಾಡತಿ?"

"ಅವರಿಗೆ ಎತ್ತಾಕ ಬರೂದಿಲ್ರಿ. ಎಂದೂ ಬರತಿರಲಿಲ್ಲ. ಪಾಸ್ಟರು ಎತ್ತತಿದ್ರು ಅಂತ ಹಿಡದ್ರು, ನಾ ಅವರ ಬೆನ್ನ ಹಿಡದೆ. ಈಗ ಪಾಸ್ಟರು ಇಲ್ಲ. ಇಬ್ಬರೊಳಗ ಒಬ್ಬರಿಗೆ ಎತ್ತಾಕ ಬಂದ್ರ ಮನಿ ನಡೀತೈತಿ." ಗಂಡನ ಮೈಮೇಲೆ ಕೌದಿ ಎಳೆದು ಸೇರಿಸಿದಳು: "ನನಗೂ ಇನ್ನೂ ಸರಿಯಾಗಿ ಬರವಲ್ದು. ಶ್ರುತಿ ಮ್ಯಾಲ ಹೋಗತೈತಿ."

ಸಂಜೆ ಅವಳು ಬೈಬಲನ್ನು ತೆರೆದು ಓದಿದಳು. ಆ ಸಲ ಪುಟದಲ್ಲಿ ಏನಿತ್ತೆಂಬುದು ಅವಳಿಗೆ ನೆನಪಿದೆ. ಆದರೆ ಅದನ್ನು ಬರೆದುಕೊಳ್ಳುವುದು ಬೇಡವೆಂದಳು.

ಮರುದಿನದಿಂದ ಸತ್ತೆವ್ವ ಗುಡಿಯ ಸ್ಪೀಕರಿಗಿಂತ ಮೊದಲು ಏಳತೊಡಗಿದಳು. ಯಾರು ಮೊದಲು ಎತ್ತುತ್ತಾರೋ ಅವರ ಹಾಡಿನಿಂದ ಗಂಡನ ದಿನ ಆರಂಭವಾಗುತ್ತದೆಯಾದ್ದರಿಂದ, ಮೊದಲು ಎತ್ತುವುದೊಂದೇ ದಾರಿಯೆಂದು ಅವಳು ಲೆಕ್ಕ ಹಾಕಿದ್ದಳು. ಅವಳ ಹಾಡು ಮುಗಿದ ಮೇಲೆ ಸ್ಪೀಕರು ಎತ್ತಿದರೆ ಸಾತಪ್ಪ ಅದನ್ನೂ ಹಿಡಿಯುತ್ತಿದ್ದ. ಅದಕ್ಕೆ ಅವಳ ಆಕ್ಷೇಪವಿರಲಿಲ್ಲ.

ಆಕ್ಷೇಪ ಬಂದದ್ದು ಈಶ್ವರನಿಂದ. ಊರಿನಲ್ಲಿ ದ್ಯಾಮವ್ವನಿಗಿಂತ ಮೊದಲು ಯೇಸು ಏಳುವುದು ಸರಿಯಲ್ಲವೆಂದು ಅವನು ಯಲ್ಲಾರಿಗೆ ಹೇಳಿದ. ಯಲ್ಲಾರಿ ಸ್ಪೀಕರನ್ನು ಸ್ವಲ್ಪ ಮೊದಲು ಹಚ್ಚಿದ. ಸತ್ತೆವ್ವ ಇನ್ನೂ ಸ್ವಲ್ಪ ಮೊದಲು ಎದ್ದಳು. ಯಲ್ಲಾರಿ ಇನ್ನೂ ಸ್ವಲ್ಪ ಮೊದಲು ಹಚ್ಚಿದ. ಹೀಗೆ ಊರಿನ ಬೆಳಗು ಹಿಂದೆ ಹಿಂದೆ ಸರಿಯುತ್ತ ಹೋಗಿ, ಎಮ್ಮೆಗಳು ಹೊತ್ತಲ್ಲದ ಹೊತ್ತಿಗೆ ಕೆಚ್ಚಲಿಗೆ ಹಾಲು ಇಳಿಸತೊಡಗಿದವೆಂದು ಕಾಶೆವ್ವ ಹೇಳುತ್ತಾಳೆ. ಎಮ್ಮೆಗಳ ವಿಷಯವನ್ನು ಬೇರೆ ಯಾರೂ ದೃಢಪಡಿಸಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಯಲ್ಲಾರಿ ಕಣ್ಣು ಕೆಂಪಗೆ ಮಾಡಿಕೊಂಡು ಸತ್ತೆವ್ವನ ಬಾಗಿಲಿಗೆ ಬಂದ.

"ಚಿಗವ್ವಾ, ನೀ ಎಷ್ಟಕ್ಕ ನಿಂದರತೀ ಹೇಳಿಬಿಡು."

"ನಾ ನಿಂದರೂದಿಲ್ಲಪಾ. ನೀ ನಿನ್ನ ಕೆಲಸಾ ಮಾಡು, ನಾ ನನ್ನ ಕೆಲಸಾ ಮಾಡತೇನಿ."

"ನನಗ ನಿದ್ದಿ ಬೇಕಬೇ. ಹಗಲೆಲ್ಲಾ ಮಂಗಳಾರತಿ ತಟ್ಟಿ ಹಿಡಕೊಂಡು ತೂಕಡಸಾಕತ್ತೇನಿ. ಮೊನ್ನೆ ಒಬ್ಬರ ಟೊಪಗಿ ಸುಟ್ಟೆ."

"ಹಂಗಾರ ಮಲಕ್ಕೋ. ನಿಮ್ಮವ್ವ ಎಂದಿನ ಹೊತ್ತಿಗೆ ಎದ್ರ ಏನ ಬ್ಯಾಡ ಅಂತಾಳೇನು?"

ಯಲ್ಲಾರಿ ಯೋಚಿಸಿದ. "ಈಶ್ವರಣ್ಣ ಕೇಳಿದ್ರ?"

"ಅವ ಆ ಹೊತ್ತಿನ್ಯಾಗ ಎದ್ದಿರತಾನೇನು?"

ಈಶ್ವರ ಆ ಹೊತ್ತಿನಲ್ಲಿ ಎದ್ದಿರುತ್ತಿರಲಿಲ್ಲ. ಸ್ಪೀಕರು ಹಳೆಯ ಹೊತ್ತಿಗೆ ಮರಳಿತು. ಸತ್ತೆವ್ವನ ಹಾಡು ಅದಕ್ಕಿಂತ ಸ್ವಲ್ಪ ಮೊದಲು, ದಿನವೂ. ಒಮ್ಮೊಮ್ಮೆ ಭಾನುವಾರ, ಹಿಂದೆ ಬರುತ್ತಿದ್ದ ಮನೆಯವರಲ್ಲಿ ಒಬ್ಬಿಬ್ಬರು ತಮ್ಮ ತಮ್ಮ ಅಂಗಳದಲ್ಲಿಯೇ ನಿಂತು ಸೊಲ್ಲು ಹಿಡಿಯುವುದುಂಟು. ಅದನ್ನು ಜನ ಕೂಡುವುದೆಂದು ಕರೆಯಲು ಬರುವುದಿಲ್ಲ.

ಕಳೆದ ಮಾಗಿಯಲ್ಲಿ ಸತ್ತೆವ್ವನಿಗೆ ನೆಗಡಿಯಾಗಿ ಗಂಟಲು ಪೂರ್ತಿ ಕಟ್ಟಿತು. ಬೆಳಗಿನ ಜಾವ ಎದ್ದು ಗಂಡನ ಪಕ್ಕದಲ್ಲಿ ಕೂತಳು, ಧ್ವನಿ ಬರಲಿಲ್ಲ. ಬಿಸಿನೀರು ಕುಡಿದಳು, ಬರಲಿಲ್ಲ. ಸಾತಪ್ಪ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದ. ಒಂದು ದಿನ ಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಅನ್ನಿಸಿತಂತೆ. ಏನೂ ಆಗುವುದಿಲ್ಲ ಎಂದೂ ಅನ್ನಿಸಿತಂತೆ. ಆಮೇಲೆ ಅವಳು ಸೊಲ್ಲು ಎತ್ತಿದಳು. ಬಂದದ್ದು ಕಪ್ಪೆಯ ಧ್ವನಿ. "ಕದಾ ತಗಿ" ಎನ್ನುವಲ್ಲಿ ಕೆಮ್ಮು ಬಂತು, ಕೆಮ್ಮಿ, ಮೂಗು ಒರೆಸಿಕೊಂಡು, ಉಳಿದದ್ದನ್ನು ಮುಗಿಸಿದಳು.

ಸಾತಪ್ಪ ಹಿಡಿದ. ಅದೇ ಕಪ್ಪೆಯ ಧ್ವನಿಯಲ್ಲಿ, "ಕದಾ ತಗಿ" ಎನ್ನುವಲ್ಲಿ ನಿಂತು ಕೆಮ್ಮಿ, ಆಮೇಲೆ ಉಳಿದದ್ದನ್ನು.

ಸತ್ತೆವ್ವನಿಗೆ ನಗು ಬಂತು. ನಗುತ್ತಲೇ ಎರಡನೆಯ ಸೊಲ್ಲು ಎತ್ತಿದಳು.